ಕೀಲು ಹೊಸದು, ಸ್ನಾಯು ಹಳೆಯದು

ಹೋದ ಸಂಚಿಕೆಯಲ್ಲಿ ಸೊಂಟದ ಕೀಲು ಬದಲಾಯಿಸುವ ಆಪರೇಷನ್ ಬಗ್ಗೆ ಬರೆಯುವಾಗ "ಸುತ್ತಲಿನ ಸ್ನಾಯು ಗಟ್ಟಿಯಿದ್ದರೆ ಭಯವಿಲ್ಲ" ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಆ ಒಂದೇ ಸಾಲನ್ನು ಹಿಡಿದುಕೊಂಡು ಒಂದು ಕಟ್ಟು ಪತ್ರ ಬಂದಿದೆ. ಪಾರ್ಕಿನ್ಸನ್ ಇರುವವರು, ಚಿಕ್ಕಂದಿನಲ್ಲಿ ಪೋಲಿಯೊ ಆದವರು, ಲಕ್ವ ಹೊಡೆದವರು, ಅವರ ಮಕ್ಕಳು. ಎಲ್ಲರೂ ಕೇಳುವುದು ಒಂದೇ: ನಮ್ಮ ಸ್ನಾಯು ಗಟ್ಟಿ ಇಲ್ಲವಲ್ಲ ಡಾಕ್ಟ್ರೇ, ನಮಗೇನು ಹೇಳ್ತೀರಿ? ತಪ್ಪು ನನ್ನದೇ. ಈ ಸಲದ ಪುಟ ಪೂರ್ತಿ ಅವರಿಗೆ.

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಒಂಬತ್ತು ವರ್ಷದಿಂದ ಪಾರ್ಕಿನ್ಸನ್. ಬಲಗಡೆ ಸೊಂಟದ ಕೀಲು ಪೂರ್ತಿ ಸವೆದಿದೆಯಂತೆ. ಒಬ್ಬ ಡಾಕ್ಟರು ಬದಲಾಯಿಸೋಣ ಅಂತಾರೆ. ಇನ್ನೊಬ್ಬರು ಪಾರ್ಕಿನ್ಸನ್ ಇರುವವರಿಗೆ ಕೈ ಹಾಕಲೇಬಾರದು ಅಂತಾರೆ. ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರೂ ಎಕ್ಸ್‌ರೇ ನೋಡಿ ಮಾತಾಡಿದ ಹಾಗಿದೆ. ನಾನಾಗಿದ್ದರೆ ಎಕ್ಸ್‌ರೇ ಪಕ್ಕಕ್ಕಿಟ್ಟು, ನಿಮ್ಮ ತಂದೆಯನ್ನು ಒಂದು ಕುರ್ಚಿಯಲ್ಲಿ ಕೂರಿಸಿ "ಎದ್ದೇಳಿ" ಅನ್ನುತ್ತಿದ್ದೆ. ನೀವೂ ಮನೆಯಲ್ಲಿ ಮಾಡಿ ನೋಡಿ. ಪಕ್ಕದಲ್ಲಿ ಒಬ್ಬರು ನಿಂತಿರಿ. ಏಳುವಾಗ ಮುಖ ಕಿವುಚಿ, ಕೈ ತೊಡೆಸಂದಿಗೆ ಹೋಗುತ್ತದಾ? ಅದು ಕೀಲಿನ ನೋವು. ನೋವೇನೂ ಇಲ್ಲ, ಆದರೆ ಮೂರು ಸಲ ಮುಂದೆ ತೂಗಿ ಮತ್ತೆ ಹಿಂದಕ್ಕೇ ಬೀಳುತ್ತಾರಾ? ಅದು ಪಾರ್ಕಿನ್ಸನ್. ಮೊದಲನೆಯದನ್ನು ನಾವು ವಾಸಿ ಮಾಡಬಲ್ಲೆವು. ಎರಡನೆಯದಕ್ಕೆ ಹೊಸ ಕೀಲು ಹಾಕಿ ಏನೂ ಪ್ರಯೋಜನವಿಲ್ಲ.

ಹೆಚ್ಚಿನವರಲ್ಲಿ ಎರಡೂ ಬೆರೆತಿರುತ್ತವೆ. ಅಂಥವರಿಗೆ ನಾನು ಕೀಲಿನೊಳಗೆ ಒಂದು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ನಡೆಸಿ ನೋಡುತ್ತೇನೆ. ಆ ಹೊತ್ತಿನಲ್ಲಿ ಎಷ್ಟು ಆರಾಮಾಗಿ ನಡೆಯುತ್ತಾರೋ, ಆಪರೇಷನ್‌ನಿಂದ ಸಿಗುವುದು ಸುಮಾರು ಅಷ್ಟೇ. ಉಳಿದದ್ದು ನ್ಯೂರಾಲಜಿಸ್ಟ್, ಅಂದರೆ ನರರೋಗದ ಡಾಕ್ಟರ ಪಾಲು. ಅದಕ್ಕೇ, ಕತ್ತಿ ಹಿಡಿಯುವ ಮೊದಲು ಮಾತ್ರೆಗಳನ್ನು ಒಮ್ಮೆ ಸರಿ ಮಾಡಿಸಿಕೊಂಡು ಬನ್ನಿ ಅನ್ನುತ್ತೇನೆ. ಹಾಗೆ ಹೋದ ಕೆಲವರು ಆಪರೇಷನ್ನೇ ಬೇಡವಾಗಿ ವಾಪಸ್ ಬಂದಿದ್ದಾರೆ.

ಎರಡನೇ ಡಾಕ್ಟರ ಹೆದರಿಕೆಗೂ ಅರ್ಥವಿದೆ. ಸೊಂಟದ ಕೀಲು ಅಂದರೆ ಬಟ್ಟಲಲ್ಲಿ ಕೂತ ಚೆಂಡು. ಹುಟ್ಟಿನಿಂದ ಬಂದ ಕೀಲಿನಲ್ಲಿ ಚೆಂಡು ದೊಡ್ಡದು, ಸುತ್ತ ಗಟ್ಟಿ ಚೀಲ, ಸುಲಭಕ್ಕೆ ಆಚೆ ಬರುವುದಿಲ್ಲ. ನಾವು ಹಾಕುವ ಚೆಂಡು ಸಾಮಾನ್ಯವಾಗಿ 28, 32 ಅಥವಾ 36 ಮಿಲಿಮೀಟರ್. ಅದನ್ನು ಬಟ್ಟಲಲ್ಲಿ ಕೂರಿಸಿಡುವುದು ಸುತ್ತಲಿನ ಸ್ನಾಯುಗಳ ಬಿಗಿ. ಸ್ಕ್ರೂ ಅಲ್ಲ, ಅಂಟೂ ಅಲ್ಲ. ಪಾರ್ಕಿನ್ಸನ್‌ನಲ್ಲಿ ಸ್ನಾಯುವಿಗೆ ಬಲ ಇರುತ್ತದೆ, ಆದರೆ ಅವು ಒಂದರ ಮಾತು ಒಂದು ಕೇಳುವುದಿಲ್ಲ. ತೊಡೆಯ ಒಳಭಾಗದ ಸ್ನಾಯು ಬಿಗಿದುಕೊಂಡು ತೊಡೆಯನ್ನು ಒಳಕ್ಕೆ ಎಳೆಯುತ್ತದೆ. ಸೊಂಟ ಬಾಗಿಯೇ ಇರುತ್ತದೆ. ಬಾಗಿದ, ಒಳಕ್ಕೆ ತಿರುಗಿದ ತೊಡೆ: ಹಿಂಬದಿಯಿಂದ ಕುಯ್ದು ಹಾಕಿದ ಕೀಲು ಜಾರಿಕೊಳ್ಳುವುದು ಸರಿಯಾಗಿ ಇದೇ ಭಂಗಿಯಲ್ಲಿ. ಜೊತೆಗೆ ಬೀಳುವುದು ಬೇರೆ.

ಹಾಗಾಗಿ "ಮಾಡಬೇಕಾ ಬೇಡವಾ" ಅನ್ನುವುದಕ್ಕಿಂತ "ಹೇಗೆ ಮಾಡ್ತೀರಿ" ಎಂದು ಸರ್ಜನ್ ಹತ್ತಿರ ಕೇಳಿ. ಬಿಗಿದ ಒಳತೊಡೆಯ ಸ್ನಾಯುವನ್ನು ಅದೇ ಸಮಯದಲ್ಲಿ ಸಡಿಲಿಸುತ್ತೀರಾ? ಹಿಂಬದಿಯ ಬದಲು ಮುಂದಿನಿಂದ ಅಥವಾ ಪಕ್ಕದಿಂದ ಹೋಗುತ್ತೀರಾ? ಡ್ಯೂಯಲ್ ಮೊಬಿಲಿಟಿ ಬಟ್ಟಲು ಹಾಕುತ್ತೀರಾ? ಈ ಕೊನೆಯದು ಫ್ರಾನ್ಸಿನ ಸರ್ಜನ್ ಜಿಲ್ ಬೂಸ್ಕೆ 1970ರ ದಶಕದಲ್ಲಿ ಮಾಡಿದ ಉಪಾಯ. ಚಿಕ್ಕ ಚೆಂಡು ಒಂದು ದೊಡ್ಡ ಪ್ಲಾಸ್ಟಿಕ್ ಚೆಂಡಿನೊಳಗೆ ಕೂತಿರುತ್ತದೆ, ಆ ದೊಡ್ಡ ಚೆಂಡು ಲೋಹದ ಬಟ್ಟಲಲ್ಲಿ ತಿರುಗುತ್ತದೆ. ಕೀಲೊಳಗೆ ಇನ್ನೊಂದು ಕೀಲು. ಆಚೆ ಜಾರಬೇಕಾದರೆ ದೊಡ್ಡ ಚೆಂಡೇ ಅಂಚು ದಾಟಿ ಹಾರಬೇಕು, ಅಷ್ಟು ಸುಲಭವಲ್ಲ. ಜಾರುವುದೇ ಇಲ್ಲ ಎಂದು ಮಾತ್ರ ಯಾರೂ ಮಾತು ಕೊಡಬಾರದು.

ನನ್ನ ಅಭಿಪ್ರಾಯ ಬೇಕಿದ್ದರೆ: ನೋವಿನಿಂದ ರಾತ್ರಿ ನಿದ್ದೆ ಹಾಳಾಗುತ್ತಿದ್ದರೆ, ಇನ್ನೂ ನಡೆದಾಡುತ್ತಿದ್ದರೆ, ಮಾಡಿಸಿ. ಪೂರ್ತಿ ಹಾಸಿಗೆ ಹಿಡಿಯುವವರೆಗೆ ಕಾಯಬೇಡಿ. ನೋವು ಹೋಗುತ್ತದೆ. ಪುಟ್ಟ ಪುಟ್ಟ ಹೆಜ್ಜೆ, ನಡುಕ, ಹಾಗೇ ಇರುತ್ತವೆ. ಇದನ್ನು ತಂದೆಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಆಮೇಲೆ ಬೇಜಾರಾಗುವವರು ಅವರೇ.

ಪ್ರಶ್ನೆ: ಪಾರ್ಕಿನ್ಸನ್ ಇರುವ ನಮ್ಮಮ್ಮ ಬಿದ್ದು ತೊಡೆ ಮೂಳೆಯ ಕತ್ತು ಮುರಿಯಿತು. ಮರುದಿನವೇ ಆಪರೇಷನ್ ಆಯಿತು, ಚೆನ್ನಾಗಿ ಆಯಿತು ಅಂದರು. ಆದರೆ ಎರಡು ದಿನ ಅಮ್ಮ ಮರದ ಹಲಗೆಯ ಹಾಗೆ ಮಲಗಿದ್ದರು. ಗೋಡೆ ಮೇಲೆ ಹುಳ ಇವೆ ಅನ್ನುತ್ತಿದ್ದರು. ನೀರು ಕೂಡ ನುಂಗಲಿಲ್ಲ. ಯಾಕೆ ಹೀಗಾಯಿತು? ಈಗ ಇನ್ನೊಂದು ಸಲ ಆಸ್ಪತ್ರೆಗೆ ಸೇರಿಸಬೇಕಾಗಿದೆ, ಹೆದರಿಕೆಯಾಗುತ್ತಿದೆ.

ಉತ್ತರ: ಬೇಗ ಆಪರೇಷನ್ ಮಾಡಿದ್ದು ಸರಿಯೇ. ಮುರಿದ ಸೊಂಟ ಇಟ್ಟುಕೊಂಡು ಮಲಗಿದಷ್ಟೂ ಎದೆಯಲ್ಲಿ ಕಫ, ಬೆನ್ನಲ್ಲಿ ಹುಣ್ಣು, ಕಾಲಲ್ಲಿ ರಕ್ತ ಹೆಪ್ಪು. ಒಂದೆರಡು ದಿನದೊಳಗೆ ಮುಗಿಸುವುದು ಒಳ್ಳೆಯದು. ಆದರೆ ನೀವು ಹೇಳುವ ಚಿತ್ರ ನನಗೆ ಚೆನ್ನಾಗಿ ಗೊತ್ತು. ಹೇಗೆ ಗೊತ್ತು ಅಂದರೆ, ಅದನ್ನು ನಾನೇ ಒಮ್ಮೆ ಮಾಡಿದ್ದೇನೆ.

ಕೆಲಸ ಶುರು ಮಾಡಿದ ಹೊಸತು. ಪಾರ್ಕಿನ್ಸನ್ ಇದ್ದ ಒಬ್ಬ ಹಿರಿಯರಿಗೆ ಸೊಂಟ ಬದಲಾಯಿಸಿದ್ದೆ. ಮಾರನೇ ದಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಬಟ್ಟಲಿನ ಕೋನ, ಸಿಮೆಂಟು, ಎಲ್ಲ ಅಚ್ಚುಕಟ್ಟು. ಒಳಗೊಳಗೇ ಖುಷಿ. ಹಾಸಿಗೆಯಲ್ಲಿ ಅವರು ಬಾಯಿ ತೆರೆದುಕೊಂಡು, ಕಣ್ಣು ಮಿಟುಕಿಸದೆ ಬಿದ್ದಿದ್ದರು. "ಮಂಪರು, ಇಳಿಯುತ್ತೆ" ಅಂದೆ. ಅವರ ಹೆಂಡತಿ ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದರು. ಖಾನೆ ಖಾನೆ ಇರುವ ಮಾತ್ರೆ ಡಬ್ಬಿ. ಮುಚ್ಚಳ ತೆಗೆದು ಬೆರಳಿಟ್ಟು ತೋರಿಸಿದರು. "ಇದು ನಿನ್ನೆ ಬೆಳಗಿಂದು. ಇದು ಮಧ್ಯಾಹ್ನದ್ದು. ಇದು ರಾತ್ರೀದು. ಇದು ಇವತ್ತಿಂದು." ನಾಲ್ಕು ಮಾತ್ರೆ, ನಾಲ್ಕೂ ಅಲ್ಲೇ ಇದ್ದವು. ಹಾಸಿಗೆಯ ತಲೆಗೆ "ಬಾಯಿಗೆ ಏನೂ ಕೊಡಬೇಡಿ" ಎಂದು ನಾನೇ ಚೀಟಿ ಹಾಕಿಸಿದ್ದೆ. ಮೂಗಿನ ನಳಿಕೆಯಲ್ಲಿ ಲೆವೊಡೋಪಾ, ಅಂದರೆ ಪಾರ್ಕಿನ್ಸನ್‌ನ ಮುಖ್ಯ ಔಷಧ, ಕೊಟ್ಟೆವು. ಸಂಜೆ ಹೊತ್ತಿಗೆ ಅವರು ಚಮಚದಲ್ಲಿ ನೀರು ನುಂಗಿ, ಹೆಂಡತಿಯ ಹೆಸರು ಕರೆದರು.

ಲೆವೊಡೋಪಾ ಕೆಲಸ ಮಾಡುವುದು ಕೆಲವೇ ಗಂಟೆ. ತಪ್ಪಿದರೆ ಸ್ನಾಯು ಬಿಗಿಯುತ್ತದೆ, ನುಂಗುವುದು ನಿಲ್ಲುತ್ತದೆ, ಎಂಜಲು ಶ್ವಾಸನಾಳಕ್ಕೆ ಇಳಿಯುತ್ತದೆ. ಏಕಾಏಕಿ ಪೂರ್ತಿ ನಿಂತರೆ ಜ್ವರ ಏರಿ ಪ್ರಾಣಕ್ಕೇ ಬರಬಹುದು. ಉಪವಾಸ ಅಂದರೆ ಸಾಮಾನ್ಯವಾಗಿ ಊಟಕ್ಕೆ 6 ಗಂಟೆ, ತಿಳಿ ನೀರಿಗೆ 2 ಗಂಟೆ. ಅರಿವಳಿಕೆ ಡಾಕ್ಟರಿಗೆ ಹೇಳಿಟ್ಟರೆ ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ಕೊಡಬಹುದು. ದಿನದ ಮೊದಲ ಆಪರೇಷನ್ ನಿಮ್ಮಮ್ಮನದಾಗಿರಲಿ ಎಂದು ಕೇಳಿಕೊಳ್ಳಿ. ನುಂಗಲು ಆಗದಿದ್ದರೆ ನಳಿಕೆ ಇದೆ. ಚರ್ಮಕ್ಕೆ ಅಂಟಿಸುವ ರೋಟಿಗೋಟಿನ್ ಪ್ಯಾಚ್ ಕೂಡ ಇದೆ, ಅದರ ಪ್ರಮಾಣವನ್ನು ನ್ಯೂರಾಲಜಿಸ್ಟ್ ಹೇಳಬೇಕು.

ಇನ್ನು ಹುಳ ಕಂಡಿದ್ದು. ವಯಸ್ಸಾದವರಿಗೆ ಆಪರೇಷನ್ ಆದಮೇಲೆ ಗೊಂದಲ ಆಗುವುದುಂಟು. ಆಗ ಸುಮ್ಮನಾಗಿಸಲು ಹ್ಯಾಲೊಪೆರಿಡಾಲ್, ವಾಂತಿಗೆ ಮೆಟೊಕ್ಲೊಪ್ರಮೈಡ್ ಅಥವಾ ಪ್ರೊಕ್ಲೋರ್‌ಪೆರಜಿನ್ ಕೊಡುವುದು ವಾರ್ಡಿನ ರೂಢಿ. ಈ ಮೂರೂ ಪಾರ್ಕಿನ್ಸನ್‌ಗೆ ವಿಷ ಇದ್ದ ಹಾಗೆ. ಪಾರ್ಕಿನ್ಸನ್‌ನಲ್ಲಿ ಕಡಿಮೆಯಾಗುವ ರಾಸಾಯನಿಕ ಡೋಪಮಿನ್. ಮೆದುಳಿನಲ್ಲಿ ಅದು ಕೆಲಸ ಮಾಡುವ ಬಾಗಿಲನ್ನೇ ಇವು ಮುಚ್ಚಿಬಿಡುತ್ತವೆ. ವಾಂತಿಗೆ ಒಂಡಾನ್‌ಸೆಟ್ರಾನ್ ಆಗುತ್ತದೆ. ಅಮ್ಮ ಪಾರ್ಕಿನ್ಸನ್‌ಗೆ ಸೆಲೆಜಿಲಿನ್ ಅಥವಾ ರಸಾಜಿಲಿನ್ ತೆಗೆದುಕೊಳ್ಳುತ್ತಿದ್ದರೆ ನೋವಿಗೆ ಪೆಥಿಡಿನ್, ಟ್ರಮಡಾಲ್ ಬೇಡ.

ಯಾರೂ ಹೇಳದ ಇನ್ನೊಂದು ವಿಷಯ. ಆಪರೇಷನ್ ಆದಮೇಲೆ ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಬರೆದುಕೊಡುತ್ತೇವೆ ಅಲ್ವಾ? ಅದನ್ನು ಲೆವೊಡೋಪಾ ಜೊತೆಗೇ ನುಂಗಿದರೆ ಹೊಟ್ಟೆಯಲ್ಲಿ ಎರಡೂ ಅಂಟಿಕೊಂಡು, ಲೆವೊಡೋಪಾ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಕನಿಷ್ಠ ಎರಡು ಗಂಟೆ ಅಂತರವಿರಲಿ. ಮಾತ್ರೆಯ ಹೆಸರು, ಗಂಟೆ, ಕೊಡಬಾರದ ಔಷಧಗಳು, ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ಹಾಸಿಗೆಗೆ ಅಂಟಿಸಿ. ನರ್ಸು ಬದಲಾದಾಗಲೆಲ್ಲ ತೋರಿಸಿ. ಕಿರಿಕಿರಿ ಮಾಡ್ತಾರೆ ಅಂದುಕೊಂಡರೆ ಅಂದುಕೊಳ್ಳಲಿ.

ಪ್ರಶ್ನೆ: ನನಗೆ 66. ಮೂರನೇ ವರ್ಷದಲ್ಲಿ ಪೋಲಿಯೊ ಆಗಿ ಎಡಗಾಲು ಸಣ್ಣಗಿದೆ. ಜೀವನವಿಡೀ ಬಲಗಾಲಿನ ಮೇಲೆ ನಡೆದೆ. ಈಗ ಆ ಬಲಗಾಲಿನ ಸೊಂಟವೇ ಸವೆದಿದೆ. ಇರುವ ಒಂದು ಒಳ್ಳೆ ಕಾಲಿಗೂ ಕತ್ತಿ ಹಾಕಿಸಿಕೊಳ್ಳಲು ಧೈರ್ಯ ಬರುತ್ತಿಲ್ಲ.

ಉತ್ತರ: ಪೋಲಿಯೊ ಆದವರಲ್ಲಿ ಒಳ್ಳೆ ಕಾಲಿನ ಕೀಲು ಸವೆಯುವುದೇ ಜಾಸ್ತಿ. ಅರವತ್ತು ವರ್ಷ ಇಬ್ಬರ ಕೆಲಸ ಒಬ್ಬನೇ ಮಾಡಿದರೆ ಇನ್ನೇನಾಗುತ್ತದೆ? ಆದರೆ ನಿಮಗೆ ಒಂದು ಸಮಾಧಾನವಿದೆ. ಆ ಕಡೆಯ ಸ್ನಾಯು ಗಟ್ಟಿ. ಕೀಲು ಜಾರುವ ಹೆದರಿಕೆ ಪೋಲಿಯೊ ಆದ ಕಾಲಿನಷ್ಟಿಲ್ಲ. ಸವೆದದ್ದು ಎಡ ಸೊಂಟವಾಗಿದ್ದರೆ ಸಣ್ಣ ಟೊಳ್ಳು ಮೂಳೆ, ಸೋತ ಪೃಷ್ಠದ ಸ್ನಾಯು, ಎಲ್ಲ ಸೇರಿ ನಾನು ಎರಡು ಸಲ ಯೋಚಿಸುತ್ತಿದ್ದೆ.

ಬಲಗಾಲಿಗೆ ಆಪರೇಷನ್ ಆದ ಮೊದಲ ವಾರಗಳಲ್ಲಿ ನಿಮ್ಮನ್ನು ಹೊರುವವರು ಯಾರು ಅನ್ನುವುದೇ ದೊಡ್ಡ ಪ್ರಶ್ನೆ. ಎಡಗಾಲು ಮತ್ತು ಎರಡು ಕೈ. ಹಾಗಾಗಿ ಎಡಗಾಲಿಗೆ ಕ್ಯಾಲಿಪರ್ (ಕಾಲಿಗೆ ಆಧಾರವಾಗಿ ಕಟ್ಟುವ ಪಟ್ಟಿ) ಬೇಕಿದ್ದರೆ ಆಪರೇಷನ್‌ಗೆ ಮೊದಲೇ ಮಾಡಿಸಿ, ಹಾಕಿಕೊಂಡು ನಡೆದು ಅಭ್ಯಾಸ ಮಾಡಿಕೊಳ್ಳಿ. ಹೊಲಿಗೆ ಹಾಕಿದ ಮೇಲೆ ಅಳತೆ ಕೊಡುವುದಲ್ಲ. ಭುಜ, ಮಣಿಕಟ್ಟು ನೋಯುತ್ತಿದ್ದರೆ ಅದನ್ನೂ ಈಗಲೇ ತೋರಿಸಿ.

ಸರ್ಜನ್‌ಗೆ ಇನ್ನೊಂದು ಮಾತು ಹೇಳಿ. ಬಲಗಾಲು ಉದ್ದವಾಗಬಾರದು. ಕೀಲು ಬಿಗಿಯಾಗಿ ಕೂರಲಿ ಎಂದು ಕೆಲವು ಮಿಲಿಮೀಟರ್ ಉದ್ದ ಮಾಡುವುದು ನಮ್ಮ ಅಭ್ಯಾಸ. ಬೇರೆಯವರಿಗೆ ಅದು ಗೊತ್ತೇ ಆಗುವುದಿಲ್ಲ. ನಿಮಗೆ ಮೊದಲೇ ಒಂದು ಕಾಲು ಗಿಡ್ಡ, ವ್ಯತ್ಯಾಸ ಇನ್ನೂ ಹೆಚ್ಚುತ್ತದೆ. ಹಾಗೆಂದು ಎರಡನ್ನೂ ಸರಿಸಮ ಮಾಡಿಸಲು ಎಡಗಡೆ ಶೂಗೆ ದಪ್ಪ ಹಿಮ್ಮಡಿ ಹಾಕಿಸಿಕೊಳ್ಳಲೂ ಹೋಗಬೇಡಿ. ಸೋತ ಕಾಲು ಸ್ವಲ್ಪ ಗಿಡ್ಡವಿದ್ದರೇನೇ ಹೆಜ್ಜೆ ಎತ್ತುವಾಗ ಬೆರಳು ನೆಲಕ್ಕೆ ತಾಗುವುದಿಲ್ಲ. ನಿಮ್ಮ ದೇಹ ಅರವತ್ತು ವರ್ಷದಲ್ಲಿ ಕಂಡುಕೊಂಡ ಲೆಕ್ಕ ಅದು. ನಡೆಯುವಾಗ ಎಡ ತೊಡೆಯ ಮೇಲೆ ಕೈ ಒತ್ತಿ ನಡೆಯುತ್ತೀರಾದರೆ ಅದನ್ನೂ ಸರ್ಜನ್ ಎದುರು ನಡೆದು ತೋರಿಸಿ.

ಅರಿವಳಿಕೆ ಡಾಕ್ಟರಿಗೆ ಪೋಲಿಯೊ ವಿಷಯ ಮೊದಲೇ ಗೊತ್ತಿರಲಿ. ಸ್ನಾಯು ಸಡಿಲಿಸುವ ಔಷಧ ನಿಮ್ಮಂಥವರಿಗೆ ಕಡಿಮೆ ಪ್ರಮಾಣದಲ್ಲೇ ಹೆಚ್ಚು ಹಿಡಿಯುತ್ತದೆ. ಚಳಿಯನ್ನೂ ತಡೆಯಲಾಗುವುದಿಲ್ಲ, ಆಪರೇಷನ್ ಕೋಣೆಯಲ್ಲಿ ಬೆಚ್ಚಗೆ ಹೊದಿಸಲು ಹೇಳಿ. ಆಮೇಲೆ ಫಿಸಿಯೋದವರು ಹುರುಪಿನಲ್ಲಿ "ಇನ್ನೂ ಹತ್ತು ಸಲ" ಅಂದರೆ ಒಪ್ಪಬೇಡಿ. ಪೋಲಿಯೊ ಉಳಿಸಿಹೋದ ಸ್ನಾಯುವನ್ನು ಅತಿಯಾಗಿ ದಣಿಸಿದರೆ ಅದು ಬಲವಾಗುವ ಬದಲು ಸೋಲುತ್ತದೆ. ಸ್ವಲ್ಪ ಮಾಡಿ, ಕೂತುಕೊಳ್ಳಿ, ಮತ್ತೆ ಮಾಡಿ.

ಪ್ರಶ್ನೆ: ಯಾವ ಕಂಪನಿಯ ಕೀಲು ಒಳ್ಳೆಯದು?

ಉತ್ತರ: ನಿಮ್ಮ ಸರ್ಜನ್‌ಗೆ ಕೈ ಪಳಗಿರುವುದು. ಪ್ರತಿ ತಿಂಗಳೂ ಈ ಪ್ರಶ್ನೆ ಬರುತ್ತದೆ, ಪ್ರತಿ ತಿಂಗಳೂ ಇದೇ ಉತ್ತರ.

ಪ್ರಶ್ನೆ: ನನಗೆ ಮಯಸ್ತೇನಿಯಾ ಗ್ರಾವಿಸ್ (ಸ್ನಾಯು ಬೇಗ ಸೋಲುವ ಕಾಯಿಲೆ) ಇದೆ, ವಯಸ್ಸು 70. ವರ್ಷಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡಿದ್ದಕ್ಕೆ ಸೊಂಟದ ಚೆಂಡಿಗೆ ರಕ್ತ ನಿಂತುಹೋಗಿದೆಯಂತೆ. ಆಪರೇಷನ್‌ನಲ್ಲಿ ಉಸಿರು ನಿಂತರೆ?

ಉತ್ತರ: ಹೆದರಿಕೆ ಸಹಜ, ಆದರೆ ತಯಾರಿ ಮಾಡಿಕೊಂಡರೆ ಆಗುವ ಕೆಲಸವೇ. ರೋಗ ಹಿಡಿತದಲ್ಲಿರುವ ಸಮಯ ನೋಡಿ ದಿನ ಗೊತ್ತು ಮಾಡಬೇಕು. ರೆಪ್ಪೆ ಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಹೆಚ್ಚಿದ್ದರೆ ಮುಂದಕ್ಕೆ ಹಾಕಿ. ಮೊದಲು ಉಸಿರಿನ ಬಲ ಅಳೆಯುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರೆ ಸ್ನಾಯು ಸಡಿಲಿಸುವ ಔಷಧದ ಗೊಡವೆಯೇ ಇಲ್ಲ. ಮಯಸ್ತೇನಿಯಾದ ಮಾತ್ರೆ ಪೈರಿಡೋಸ್ಟಿಗ್ಮಿನ್ ನಿಲ್ಲಿಸುವುದೋ ಮುಂದುವರಿಸುವುದೋ ನ್ಯೂರಾಲಜಿಸ್ಟ್ ಮತ್ತು ಅರಿವಳಿಕೆ ಡಾಕ್ಟರು ಸೇರಿ ಹೇಳಲಿ. ಸ್ಟಿರಾಯ್ಡ್ ಅನ್ನು ಮಾತ್ರ ನೀವಾಗಿ ನಿಲ್ಲಿಸಲೇಬೇಡಿ.

ಮೂಳೆಯವರ ಕೈ ತಾನಾಗಿ ಹೋಗುವ ಆಂಟಿಬಯಾಟಿಕ್ ಜೆಂಟಾಮೈಸಿನ್. ಅದು, ಸಿಪ್ರೊಫ್ಲಾಕ್ಸಸಿನ್ ಥರದವು, ರಕ್ತನಾಳಕ್ಕೆ ಕೊಡುವ ಮೆಗ್ನೀಷಿಯಂ, ಇವು ಮಯಸ್ತೇನಿಯಾವನ್ನು ಕೆರಳಿಸುತ್ತವೆ. ಮೂಳೆ ಸಿಮೆಂಟಿಗೂ ಜೆಂಟಾಮೈಸಿನ್ ಬೆರೆಸಿರುವುದುಂಟು. ಅಲ್ಲಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಆದರೂ ಸರ್ಜನ್‌ಗೆ ನೆನಪಿಸಿ. ಮೊದಲ ರಾತ್ರಿ ಐಸಿಯುನಲ್ಲಿ ಒಂದು ಹಾಸಿಗೆ ಕಾದಿರಿಸಿದ್ದಾರಾ ಎಂದು ಕೇಳಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಲಕ್ವ ಆಗಿ ಎಡಭಾಗ ಬಿಗಿದಿದೆ. ಅದೇ ಕಡೆ ಬಿದ್ದು ಮುರಿದು, ಕೀಲು ಹಾಕಿಸಿದೆವು. ಎರಡು ತಿಂಗಳಲ್ಲಿ ಎರಡು ಸಲ ಜಾರಿದೆ. ಈಗ "ಲಾಕ್ ಆಗುವ ಬಟ್ಟಲು ಹಾಕೋಣ" ಅಂತಾರೆ.

ಉತ್ತರ: ಲಕ್ವ ಆದವರು ಸಾಮಾನ್ಯವಾಗಿ ಸೋತ ಕಡೆಗೇ ಬೀಳುತ್ತಾರೆ. ಆ ಕಡೆಯ ಮೂಳೆ ಕೂಡ ಬಳಕೆ ಇಲ್ಲದೆ ಟೊಳ್ಳಾಗಿರುತ್ತದೆ. ಎರಡನೇ ಸಲ ಜಾರಿದಾಗ ಅವರು ಏನು ಮಾಡುತ್ತಿದ್ದರು? ತಗ್ಗು ಕುರ್ಚಿಯಿಂದ ಏಳುತ್ತಿದ್ದರಾ, ಮಲಗಿದ್ದಾಗ ತೊಡೆ ತಾನಾಗಿ ಒಳಕ್ಕೆ ಎಳೆದುಕೊಂಡಿತಾ? ಅದನ್ನು ಸರಿಯಾಗಿ ನೆನಪಿಸಿಕೊಂಡು ಹೇಳಿ. ತೊಡೆ ತಾನಾಗಿ ಎಳೆದುಕೊಳ್ಳುತ್ತಿದ್ದರೆ ಮೊದಲು ಆ ಬಿಗಿ ಬಿಡಿಸಬೇಕು. ಬೊಟುಲಿನಮ್ ಇಂಜೆಕ್ಷನ್ ಇದೆ, ಸ್ನಾಯುವಿನ ತಂತು ಕತ್ತರಿಸುವ ಸಣ್ಣ ಆಪರೇಷನ್ ಇದೆ. ಬಟ್ಟಲು ಕೂತ ಕೋನ ತಪ್ಪಿದ್ದರೆ ಅದನ್ನು ಸರಿಪಡಿಸಬೇಕು. ಇದ್ಯಾವುದನ್ನೂ ನೋಡದೆ ಲಾಕ್ ಹಾಕಿದರೆ, ಎಳೆತ ಎಲ್ಲಿಗೆ ಹೋಗುತ್ತದೆ? ಚೆಂಡು ಆಚೆ ಬರುವುದಿಲ್ಲ ಸರಿ, ಬಟ್ಟಲೇ ಮೂಳೆಯಿಂದ ಕಿತ್ತು ಬರುತ್ತದೆ. ಲಾಕ್ ಬಟ್ಟಲು ಕೊನೆಯ ದಾರಿ. ಅದಕ್ಕೆ ಮೊದಲು ಡ್ಯೂಯಲ್ ಮೊಬಿಲಿಟಿ ಆಗುತ್ತದಾ ಎಂದು ಕೇಳಿ.

ಮತ್ತೆ ಜಾರಿದರೆ ಗೊತ್ತಾಗುವುದು ಹೀಗೆ: ತಟ್ಟನೆ ನೋವು, ಕಾಲು ಗಿಡ್ಡವಾಗಿ ಪಾದ ಒಳಕ್ಕೆ ತಿರುಗುವುದು. ನೀವೇ ಎಳೆದು ಸರಿ ಮಾಡಲು ಹೋಗಬೇಡಿ.

ಪ್ರಶ್ನೆ: ಸ್ನಾಯು ಕ್ಷಯದಿಂದ (ಮಸ್ಕ್ಯುಲರ್ ಡಿಸ್ಟ್ರಫಿ) ನಮ್ಮ ಅತ್ತೆ ಹತ್ತು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದಾರೆ. ಕೀಲು ನೋವು ತಡೆಯಲಾಗುತ್ತಿಲ್ಲ. ನಡೆಯದವರಿಗೂ ಕೀಲು ಬದಲಾಯಿಸುತ್ತಾರಾ?

ಉತ್ತರ: ನಡೆಯದಿದ್ದರೂ ಕೂರಬೇಕಲ್ಲ, ಮಲಗಬೇಕಲ್ಲ, ಬಟ್ಟೆ ಬದಲಾಯಿಸುವಾಗ ತೊಡೆ ಅಗಲಿಸಬೇಕಲ್ಲ. ನೋವಿಗೆಂದೇ ಮಾಡುವುದುಂಟು. ಆದರೆ ಸ್ನಾಯುವೇ ಇಲ್ಲದ ಕಡೆ ಹೊಸ ಕೀಲು ನಿಲ್ಲುವುದು ಕಷ್ಟ. ಇನ್ನೊಂದು ಹಳೆಯ ದಾರಿ ಇದೆ. ಚೆಂಡನ್ನು ತೆಗೆದು ಹಾಗೇ ಬಿಡುವುದು. ಇಂಗ್ಲೆಂಡಿನ ಗರ್ಡಲ್‌ಸ್ಟನ್ ಎಂಬ ಸರ್ಜನ್ ಹೆಸರಿನಲ್ಲಿ ಕರೆಯುತ್ತಾರೆ. ಕಾಲು ಗಿಡ್ಡವಾಗುತ್ತದೆ, ಅದರ ಮೇಲೆ ನಿಲ್ಲುವುದು ಕಷ್ಟ, ಆದರೆ ಜಾರಲು ಏನೂ ಇರುವುದಿಲ್ಲ. ನೋವು ಇಳಿಯಲು ತಿಂಗಳುಗಳೇ ಬೇಕಾಗಬಹುದು. ಯಾವುದಕ್ಕೂ ಮೊದಲು ಹೃದಯ ಮತ್ತು ಉಸಿರು ಪರೀಕ್ಷೆ ಆಗಲೇಬೇಕು. ಕೆಲವು ಬಗೆಯ ಸ್ನಾಯು ಕ್ಷಯ ಹೃದಯಕ್ಕೂ ಕೈ ಹಾಕಿರುತ್ತದೆ. ಸಕ್ಸಿನೈಲ್‌ಕೋಲಿನ್ ಎಂಬ ಅರಿವಳಿಕೆಯ ಔಷಧ ಇವರಿಗೆ ಬೇಡ. ಇದು ಅರಿವಳಿಕೆಯವರಿಗೆ ಗೊತ್ತೇ ಇರುತ್ತದೆ, ರೋಗದ ಹೆಸರನ್ನು ನೀವು ಹೇಳಿದ್ದರೆ.

ಪ್ರಶ್ನೆ: ನಾನೇ ಬರೆಯುತ್ತಿದ್ದೇನೆ, ಕೈ ನಡುಗುತ್ತದೆ, ಅಕ್ಷರ ಕ್ಷಮಿಸಿ. ವಯಸ್ಸು 78, ಪಾರ್ಕಿನ್ಸನ್. ಸೊಂಟ ಬದಲಾಯಿಸಿ ಐದು ವಾರ. ನೋವಿಲ್ಲ. ಆದರೆ ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಬಿಡುತ್ತದೆ. ಹೊಸ ಕೀಲು ಕೆಟ್ಟಿತಾ?

ಉತ್ತರ: ಅಕ್ಷರ ಚೆನ್ನಾಗಿಯೇ ಇದೆ, ನನ್ನದಕ್ಕಿಂತ ವಾಸಿ. ಕೀಲು ಕೆಟ್ಟಿಲ್ಲ. ಬಾಗಿಲಲ್ಲಿ ಕಾಲು ಅಂಟುವುದು ಪಾರ್ಕಿನ್ಸನ್ ಗುಣ. ಹೊಸ್ತಿಲ ಈಚೆ ನೆಲಕ್ಕೆ ಬಣ್ಣದ ಟೇಪನ್ನು ಹೆಜ್ಜೆಗೊಂದರಂತೆ ಅಡ್ಡಡ್ಡ ಅಂಟಿಸಿ. ಪಟ್ಟಿಯ ಮೇಲೆ ಕಾಲಿಡುತ್ತೇನೆ ಅಂದುಕೊಂಡರೆ ಕಾಲು ಏಳುತ್ತದೆ. "ಒಂದು, ಎರಡು" ಎಂದು ಜೋರಾಗಿ ಎಣಿಸಿದರೂ ಆಗುತ್ತದೆ. ಎತ್ತಿ ಎತ್ತಿ ಇಡುವ ವಾಕರ್ ಇದ್ದರೆ ಮುಂದೆ ಗಾಲಿ ಇರುವುದಕ್ಕೆ ಬದಲಾಯಿಸಿ, ಎತ್ತುವಾಗ ಪ್ರತಿ ಸಲ ಹೆಜ್ಜೆಯ ಲಯ ತಪ್ಪುತ್ತದೆ. ಗಾಲಿ ತೀರಾ ಸಲೀಸಾಗಿ ಓಡದಂತೆ ಫಿಸಿಯೋದವರು ಹೊಂದಿಸಿಕೊಡಲಿ.

ತಿರುಗುವಾಗ ಮಾತ್ರ ಜೋಪಾನ. ಆಪರೇಷನ್ ಆದ ಕಾಲನ್ನು ಊರಿಕೊಂಡು ಗಿರಕಿ ಹೊಡೆಯಬೇಡಿ. ಗಡಿಯಾರದ ಮುಳ್ಳಿನ ಹಾಗೆ ದೊಡ್ಡ ಸುತ್ತು ಹಾಕಿ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ತಿರುಗಿ. ಬಾಗಿಲ ಆಚೆ ನಿಂತು "ಬೇಗ ಬನ್ನಿ, ಬೇಗ ಬನ್ನಿ" ಅನ್ನುವವರು ಮನೆಯಲ್ಲಿದ್ದರೆ, ಅವರನ್ನು ಮೊದಲು ಅಲ್ಲಿಂದ ಕಳಿಸಿ. ಆಮೇಲೆ ಕಾಲೆತ್ತಿ.